‘ಎವ್ರಿಮ್ಯಾನ್’ ನಾಟಕದ ‘ನಾಲೆಡ್ಜ್’ ಜ್ಞಾನವೇ? ಸಾವು, ನಿಷ್ಠೆ ಮತ್ತು ತೌಲನಿಕ ಓದಿನ ಒಂದು ತೊಡಕು

ಮಧ್ಯಯುಗದ ಇಂಗ್ಲಿಷ್ ನೀತಿನಾಟಕಗಳ ಪೈಕಿ ಕನ್ನಡದ ಅಧ್ಯಾಪಕರಿಗೆ ಹೆಚ್ಚು ಪರಿಚಿತವಾದುದು ‘ಎವ್ರಿಮ್ಯಾನ್’. ಸುಮಾರು ಒಂಬೈನೂರು ಸಾಲುಗಳ ಈ ಕೃತಿಯ ಕಥಾವಸ್ತುವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ದೇವರ ಆಜ್ಞೆಯಂತೆ ಮೃತ್ಯು ಬಂದು ಸಾಮಾನ್ಯ ಮನುಷ್ಯನೊಬ್ಬನನ್ನು ಕರೆಯುತ್ತಾನೆ. ಅವನ ಗೆಳೆತನ, ಬಂಧುಬಳಗ, ಸಂಪತ್ತು ಒಂದೊಂದಾಗಿ ಕೈಬಿಟ್ಟು ಕೊನೆಗೆ ಸತ್ಕರ್ಮವೊಂದೇ ಅವನೊಡನೆ ಗೋರಿಗೆ ಇಳಿಯುತ್ತದೆ. ಇಷ್ಟನ್ನು ಹೇಳಿದೊಡನೆ ಕನ್ನಡದ ಓದುಗ ತಲೆದೂಗುತ್ತಾನೆ. ಮನೆಯ ಬಾಗಿಲವರೆಗೆ ಹೆಂಡತಿ, ಮಸಣದವರೆಗೆ ನೆಂಟರು, ಮುಂದಕ್ಕೆ ತಾನು ಮಾಡಿದ್ದು ಮಾತ್ರ ಎಂಬ ತಿಳಿವಳಿಕೆ ಸುಭಾಷಿತಗಳಿಂದ ಹಿಡಿದು ದಾಸರ ಪದಗಳವರೆಗೆ ಅವನಿಗೆ ರೂಢಿಯಾಗಿದೆ. ‘ನಮ್ಮಲ್ಲಿಯೂ ಇದೇ ಇದೆ’ ಎಂಬ ತೀರ್ಮಾನ ಇಲ್ಲಿಂದ ಬಹಳ ದೂರವಿಲ್ಲ. ತೌಲನಿಕ ಅಧ್ಯಯನದ ಹೆಸರಿನಲ್ಲಿ ನಡೆಯುವ ಬಹುಪಾಲು ಬರವಣಿಗೆ ಈ ತೀರ್ಮಾನದಲ್ಲಿಯೇ ನಿಂತುಬಿಡುತ್ತದೆ. ಆದರೆ ಹಾಗೆ ನಿಂತಾಗ ಕಳೆದುಹೋಗುವುದು ನಾಟಕದ ತಿರುಳು.

ಸಾಮ್ಯವಿಲ್ಲವೆಂದು ಹೇಳುವುದು ಉದ್ದೇಶವಲ್ಲ. ಸಾಮ್ಯವಿದೆ, ಅದಕ್ಕೆ ಚಾರಿತ್ರಿಕ ಆಧಾರವೂ ಇದೆ. ‘ಎವ್ರಿಮ್ಯಾನ್’ ಸ್ವತಂತ್ರ ಕೃತಿಯಲ್ಲವೆಂದೂ 1495ರಲ್ಲಿ ಡೆಲ್ಫ್ಟ್ ನಗರದಲ್ಲಿ ಅಚ್ಚಾದ ‘ಎಲ್ಕರ್ಲೈಕ್’ ಎಂಬ ಡಚ್ ನಾಟಕದ ಅನುವಾದವೆಂದೂ ಇಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಅದರ ಹಿಂದೆ ಇರುವುದು ಯುರೋಪಿನಲ್ಲೆಲ್ಲ ಹರಡಿದ್ದ ‘ಬಾರ್ಲಾಮ್ ಮತ್ತು ಜೋಸಫತ್’ ಕಥೆಯೊಳಗಿನ ಮೂವರು ಗೆಳೆಯರ ದೃಷ್ಟಾಂತ. ಜೋಸಫತ್ ಎಂಬ ಕ್ರೈಸ್ತ ಸಂತನ ಹೆಸರು ‘ಬೋಧಿಸತ್ವ’ ಪದದಿಂದಲೇ ಬಂದುದು. ಬುದ್ಧನ ಚರಿತ್ರೆ ಅರಬ್ಬಿ, ಜಾರ್ಜಿಯನ್, ಗ್ರೀಕ್ ಭಾಷೆಗಳ ಮೂಲಕ ಸಾಗಿ ಸಂತಚರಿತ್ರೆಯಾಯಿತು. ಇತ್ತ, ಹನ್ನೆರಡನೆಯ ಶತಮಾನದ ಹೇಮಚಂದ್ರನ ‘ಪರಿಶಿಷ್ಟಪರ್ವ’ದಲ್ಲಿ ಸೋಮದತ್ತನೆಂಬ ಪುರೋಹಿತನ ಕಥೆಯಿದೆ. ಅರಸನ ಮುನಿಸಿಗೆ ಗುರಿಯಾದ ಅವನು ಸದಾ ಜೊತೆಗಿರುವ ಸಹಮಿತ್ರನಲ್ಲಿಗೆ, ಹಬ್ಬಹರಿದಿನಗಳಲ್ಲಿ ಕೂಡುವ ಪರ್ವಮಿತ್ರನಲ್ಲಿಗೆ, ಎದುರಾದಾಗ ಕೈಮುಗಿಯುವಷ್ಟೇ ಪರಿಚಯವಿದ್ದ ಪ್ರಣಾಮಮಿತ್ರನಲ್ಲಿಗೆ ಹೋಗುತ್ತಾನೆ. ಮೊದಲಿಬ್ಬರು ಕೈಚೆಲ್ಲುತ್ತಾರೆ, ಮೂರನೆಯವನು ಕಾಯುತ್ತಾನೆ. ಸಹಮಿತ್ರ ದೇಹ, ಪರ್ವಮಿತ್ರ ಬಂಧುಗಳು, ಪ್ರಣಾಮಮಿತ್ರ ಧರ್ಮ. ಹೇಮಚಂದ್ರನ ಪಠ್ಯ ಗ್ರೀಕ್ ಬಾರ್ಲಾಮ್ ಕಥೆಗಿಂತ ಈಚಿನದು. ಆದುದರಿಂದ ಅದೇ ಮೂಲವೆನ್ನಲಾಗದು. ಎರಡೂ ಒಂದೇ ಕಥಾಕುಲಕ್ಕೆ ಸೇರಿದವು ಎಂದಷ್ಟೇ ಹೇಳಬಹುದು.

ಕಥೆ ಒಂದೇ ಆದಾಗಲೇ ವ್ಯತ್ಯಾಸಗಳು ಮಾತನಾಡತೊಡಗುತ್ತವೆ. ಬಾರ್ಲಾಮ್ ಕಥೆಯ ಮೊದಲ ಗೆಳೆಯ ಸಂಪತ್ತು; ಹೇಮಚಂದ್ರನಲ್ಲಿ ಅದು ದೇಹ. ಕೈಬಿಡುವವರ ಸಾಲಿನಲ್ಲಿ ‘ಎವ್ರಿಮ್ಯಾನ್’ ಎರಡಕ್ಕೂ ಎಡೆಮಾಡಿಕೊಡುತ್ತದೆ: ಪೂರ್ವಾರ್ಧದಲ್ಲಿ ಹೊರಗಿನ ಸಂಪತ್ತು, ಉತ್ತರಾರ್ಧದಲ್ಲಿ ಒಳಗಿನ ಸೌಂದರ್ಯ, ಬಲ, ವಿವೇಚನೆ, ಪಂಚೇಂದ್ರಿಯಗಳು. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಕಥೆಯ ಕೊನೆಯಲ್ಲಿದೆ. ಪ್ರಣಾಮಮಿತ್ರನು ಸೋಮದತ್ತನನ್ನು ಆ ಅರಸನ ಸೀಮೆಯಿಂದಲೇ ದಾಟಿಸಿ ಬೇರೊಂದು ನಾಡಿಗೆ ಕರೆದೊಯ್ಯುತ್ತಾನೆ. ಬಾರ್ಲಾಮ್ ಕಥೆಯ ಮೂರನೆಯ ಗೆಳೆಯನಾದರೋ ಅದೇ ಅರಸನ ಬಳಿಗೆ ಹೋಗಿ ಗೆಳೆಯನ ಪರವಾಗಿ ಬೇಡಿಕೊಳ್ಳುತ್ತಾನೆ. ಒಂದರಲ್ಲಿ ಬಿಡುಗಡೆಯೆಂದರೆ ಅರಸನ ಅಧಿಕಾರದಿಂದ ಹೊರಗೆ ಹೋಗುವುದು. ಇನ್ನೊಂದರಲ್ಲಿ ಆ ಅರಸನೊಡನೆಯೇ ಸಂಬಂಧ ಸರಿಪಡಿಸಿಕೊಳ್ಳುವುದು. ಜೈನ ದರ್ಶನಕ್ಕೂ ಕ್ರೈಸ್ತ ಶ್ರದ್ಧೆಗೂ ಇರುವ ಅಂತರವನ್ನು ವಿವರಿಸಲು ಇದಕ್ಕಿಂತ ಚಿಕ್ಕದಾದ, ಚೊಕ್ಕದಾದ ಉದಾಹರಣೆ ತರಗತಿಯಲ್ಲಿ ಸಿಗುವುದು ಕಷ್ಟ. ಆದರೂ ‘ಎರಡೂ ಒಂದೇ’ ಎಂಬ ಆತುರ ಇದನ್ನು ನೋಡಗೊಡುವುದಿಲ್ಲ.

‘ಎವ್ರಿಮ್ಯಾನ್’ ನಾಟಕದ ಕೇಂದ್ರದಲ್ಲಿರುವುದು ಲೆಕ್ಕ. ಮೃತ್ಯು ಅವನಿಗೆ ಸಾಯಬೇಕೆಂದು ಮಾತ್ರ ಹೇಳುವುದಿಲ್ಲ, ಲೆಕ್ಕದ ಪುಸ್ತಕವನ್ನು ತೆಗೆದುಕೊಂಡು ಬಾ ಎನ್ನುತ್ತಾನೆ. ನಮ್ಮ ಜನಪದ ಕಲ್ಪನೆಯ ಚಿತ್ರಗುಪ್ತನು ಮನುಷ್ಯರ ಲೆಕ್ಕವನ್ನು ತಾನು ಬರೆದಿಡುವ ಕರಣಿಕ. ಇಲ್ಲಿ ಹಾಗಲ್ಲ. ಪುಸ್ತಕ ಮನುಷ್ಯನ ಕೈಯಲ್ಲಿದೆ, ಅದರಲ್ಲಿನ ಮಸಿಯ ಕಲೆ ಅವನು ಮಾಡಿದ್ದು, ಅದನ್ನು ಓದಿ ಒಪ್ಪಿಸಬೇಕಾದವನೂ ಅವನೇ. ಅವನು ಸಾವಿರ ಪೌಂಡು ಕೊಟ್ಟು ದಿನವನ್ನು ಮುಂದೂಡಿಕೊಳ್ಳಲು ನೋಡುತ್ತಾನೆ. ಆಗದು ಎಂದಾಗ ಜೊತೆಗೆ ಯಾರನ್ನಾದರೂ ಕರೆದೊಯ್ಯಬಹುದೇ ಎಂದು ಕೇಳುತ್ತಾನೆ. ಬರುವ ಧೈರ್ಯವಿದ್ದವರು ಬರಲಿ ಎನ್ನುತ್ತಾನೆ ಮೃತ್ಯು. ನಾಟಕದ ಮುಂದಿನ ಚಲನೆಯೆಲ್ಲ ಈ ಒಂದು ಅನುಮತಿಯಿಂದ ಹುಟ್ಟುತ್ತದೆ. ಸಾವಿನ ನಾಟಕ ನಿಷ್ಠೆಯ ಪರೀಕ್ಷೆಯಾಗುವುದು ಇಲ್ಲಿ.

ಪರೀಕ್ಷೆಯ ದೃಶ್ಯಗಳಲ್ಲಿ ನಾಟಕಕಾರ ಗಾಂಭೀರ್ಯವನ್ನು ಸ್ವಲ್ಪ ಸಡಿಲಿಸುತ್ತಾನೆ. ಗೆಳೆತನವು ವಿಷಯ ತಿಳಿಯುವ ಮೊದಲೇ ನರಕಕ್ಕಾದರೂ ಬರುತ್ತೇನೆಂದು ಮಾತು ಕೊಡುತ್ತದೆ. ಪಯಣ ಎಲ್ಲಿಗೆಂದು ತಿಳಿದ ಮೇಲೆ, ಉಣ್ಣಲು ಕುಡಿಯಲು ಕರೆ, ಬೇಕಾದರೆ ಒಬ್ಬನನ್ನು ಕೊಲ್ಲಲು ಕರೆ, ಇದಕ್ಕೆ ಮಾತ್ರ ಬೇಡ ಎನ್ನುತ್ತದೆ. ದಾಯಾದಿಗೆ ಕಾಲ್ಬೆರಳು ಸೆಟೆದುಕೊಂಡಿದೆ! ಪೆಟ್ಟಿಗೆಗಳಲ್ಲಿ, ಚೀಲಗಳಲ್ಲಿ ಅಲುಗಾಡಲಾರದೆ ಬಿದ್ದಿರುವ ಸಂಪತ್ತು ಮಾತ್ರ ಅವನನ್ನು ನೋಡಿ ನಗುತ್ತದೆ. ನನ್ನನ್ನು ಮಿತವಾಗಿ ಪ್ರೀತಿಸಿ ಒಂದು ಪಾಲನ್ನು ಬಡವರಿಗೆ ಕೊಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ ಎನ್ನುತ್ತದೆ. ಮೂವರಲ್ಲಿ ನಿಜ ನುಡಿಯುವುದು ಸಂಪತ್ತೊಂದೇ ಎಂಬುದು ಗಮನಿಸಬೇಕಾದ ಸಂಗತಿ. ಅದು ಎಂದೂ ಜೊತೆಗೆ ಬರುತ್ತೇನೆಂದು ಮಾತು ಕೊಟ್ಟಿರಲಿಲ್ಲ.

ಕರ್ನಾಟಕದ ಮಧ್ಯಯುಗವನ್ನು ಬಲ್ಲವರಿಗೆ ಇಲ್ಲಿ ಬೇರೆಯೇ ನೆನಪುಗಳು ಏಳಬೇಕು. ಗೆಳೆಯನಾಗಲಿ ಆಳಾಗಲಿ ಸಾವಿನ ಹೊಸ್ತಿಲಲ್ಲಿ ಹಿಂದೆ ಸರಿಯುವುದು ಸಹಜವೆಂದು ಆ ನಾಟಕ ಭಾವಿಸುತ್ತದೆ. ಹಿಂದೆ ಸರಿಯದಿರುವುದನ್ನೇ ಒಂದು ಸಂಸ್ಥೆಯನ್ನಾಗಿ ಮಾಡಿಕೊಂಡ ಸಮಾಜ ಇಲ್ಲಿತ್ತು. ವೇಳೆವಾಳಿ, ಜೋಳವಾಳಿ, ಲೆಂಕ, ಗರುಡ ಎಂಬ ಪದಗಳು ಶಾಸನಗಳಲ್ಲಿ ಬರುವುದು ಅಲಂಕಾರಕ್ಕಲ್ಲ. ಒಡೆಯನ ಅನ್ನ ಉಂಡವನು ಒಡೆಯನೊಡನೆ ಸಾಯುವ ಭಾಷೆ ಕೊಟ್ಟು ಅದನ್ನು ನಡೆಸುತ್ತಿದ್ದ. ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗ ನೀತಿಮಾರ್ಗನ ಮರಣಶಯ್ಯೆಯ ಬಳಿ ಇರುವ ಅಗರಯ್ಯನು ಒಡೆಯನಿಗೆ ಕೀಳ್ಗುಂಟೆಯಾದವನು. ಹೊಯ್ಸಳ ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮನು ಪತ್ನಿ ಮತ್ತು ಸಂಗಡಿಗರೊಡನೆ ಪ್ರಾಣ ಬಿಟ್ಟುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಹೇಳುತ್ತದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಈ ಪದ್ಧತಿಗಳತ್ತ ಗಮನ ಸೆಳೆದು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಯಿತು. ಆದರೂ ‘ಎವ್ರಿಮ್ಯಾನ್’ ಅನ್ನು ಕನ್ನಡದ ಸಂದರ್ಭದಲ್ಲಿ ಚರ್ಚಿಸುವಾಗ ವೈರಾಗ್ಯದ ಸುಭಾಷಿತಗಳೇ ಮುಂದೆ ಬರುತ್ತವೆ, ವೀರಗಲ್ಲು ಬರುವುದಿಲ್ಲ. (ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದ ನಾಡು ಇದು.)

ವೀರಗಲ್ಲಿನ ಶಿಲ್ಪದ ಕ್ರಮವನ್ನು ನೆನೆಯಬಹುದು. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ದೇವಕನ್ನೆಯರು, ಮೇಲೆ ಕೈಲಾಸ. ಅಲ್ಲಿ ಲೆಕ್ಕದ ಪುಸ್ತಕಕ್ಕೆ ಜಾಗವಿಲ್ಲ. ಒಡೆಯನಿಗಾಗಿ, ಊರಿಗಾಗಿ, ತುರುಗಳಿಗಾಗಿ ಸತ್ತುದೇ ಲೆಕ್ಕವನ್ನು ತೀರಿಸಿತು. ಮನುಷ್ಯನಿಗೆ ಮನುಷ್ಯ ತೋರುವ ನಿಷ್ಠೆಯೇ ಇಲ್ಲಿ ಪರಲೋಕದ ಸಂಬಳ. ಪಂಪನ ಕರ್ಣ ನಮ್ಮನ್ನು ಇಂದಿಗೂ ಹಿಡಿದು ನಿಲ್ಲಿಸುವುದು ಈ ನಿಷ್ಠೆಯ ಬಲದಿಂದ. ಅವನು ಯಾರ ಪಕ್ಷದಲ್ಲಿದ್ದನೆಂಬ ಪ್ರಶ್ನೆ ಆಮೇಲಿನದು. ‘ಎವ್ರಿಮ್ಯಾನ್’ ಈ ಮೌಲ್ಯವನ್ನು ಒಪ್ಪುವುದಿಲ್ಲ. ಗೆಳೆತನ ತನ್ನ ಮಾತು ಉಳಿಸಿಕೊಂಡು ಜೊತೆಗೆ ಬಂದಿದ್ದರೂ ಅವನ ಪುಸ್ತಕದ ಕಲೆಯನ್ನು ಅದು ಒರೆಸಲಾಗುತ್ತಿರಲಿಲ್ಲ. ಗೆಳೆಯರ ದ್ರೋಹವನ್ನು ಖಂಡಿಸುವುದೇ ಆ ನಾಟಕದ ನೀತಿಯೆಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಉತ್ತರಾರ್ಧದಲ್ಲಿ ಬಲ, ಸೌಂದರ್ಯಗಳು ಬಿಟ್ಟುಹೋಗುವಾಗ ಅದನ್ನು ದ್ರೋಹವೆನ್ನಲು ಯಾರಿಗೂ ಸಾಧ್ಯವಿಲ್ಲ. ಮುದುಕನನ್ನು ಬಲ ಬಿಟ್ಟುಹೋಗುವುದು ಅಪರಾಧವೇ? ನಾಟಕಕಾರ ಎರಡು ಬಗೆಯ ಅಗಲಿಕೆಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಬೇಕೆಂದೇ ಇರಬೇಕು.

ವೀರಗಲ್ಲಿನ ಪಕ್ಕದಲ್ಲಿಯೇ ನಿಷಿಧಿಗಲ್ಲು ಇದೆ ಎಂಬುದನ್ನು ಮರೆಯುವಂತಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟವರು ಯಾರ ಜೊತೆಯನ್ನೂ ಕೇಳಲಿಲ್ಲ. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶರಣ, ಏಕತ್ವ, ಅನ್ಯತ್ವಗಳು ಸೇರಿವೆ. ಬಂಧುವರ್ಮನ ‘ಜೀವಸಂಬೋಧನೆ’ ಇವನ್ನೇ ಕಥೆಗಳ ಮೂಲಕ ಜೀವಕ್ಕೆ ತಿಳಿಹೇಳುತ್ತದೆ. ಆ ಡಚ್ ನಾಟಕಕ್ಕೆ ನಮ್ಮಲ್ಲಿ ನೆಂಟಸ್ತನ ಹುಡುಕುವುದಾದರೆ ಅದು ಇಲ್ಲಿದೆ. ಹಾಗಾದರೆ ಒಂದೇ ಮಣ್ಣಿನಲ್ಲಿ, ಒಂದೇ ಶತಮಾನಗಳಲ್ಲಿ, ಕೆಲವೊಮ್ಮೆ ಒಂದೇ ಅರಸುಮನೆತನದ ಆಶ್ರಯದಲ್ಲಿ ‘ಯಾರೂ ಜೊತೆಗೆ ಬರುವುದಿಲ್ಲ’ ಎಂಬ ಮಾತೂ ‘ನಾನು ಬರುತ್ತೇನೆ’ ಎಂಬ ಭಾಷೆಯೂ ಕಲ್ಲಿನಲ್ಲಿ ಕೆತ್ತಲ್ಪಟ್ಟವು. ಇವೆರಡರ ನಡುವಿನ ಜಗ್ಗಾಟವನ್ನು ಬಿಟ್ಟು ‘ಭಾರತೀಯ ಮರಣಚಿಂತನೆ’ ಎಂಬ ಒಂದೇ ಮುದ್ದೆಯನ್ನು ಪಾಶ್ಚಾತ್ಯ ಕೃತಿಯ ಎದುರಿಗಿಡುವುದು ನಮ್ಮ ಆಕರಗಳಿಗೇ ಅನ್ಯಾಯ.

ಇನ್ನು ಶೀರ್ಷಿಕೆಯ ಪ್ರಶ್ನೆ. ಸತ್ಕರ್ಮವು ಮೊದಲು ಕಾಣಿಸಿಕೊಳ್ಳುವಾಗ ನೆಲದ ಮೇಲೆ ತಣ್ಣಗೆ ಬಿದ್ದಿದೆ; ಅವನ ಪಾಪಗಳ ಭಾರದಿಂದ ಏಳಲಾರದು. ತನ್ನ ಸೋದರಿಯಾದ ‘ನಾಲೆಡ್ಜ್’ ನೆರವಾಗುತ್ತಾಳೆಂದು ಅದು ಹೇಳುತ್ತದೆ. ಈ ಸೋದರಿ ಅವನನ್ನು ತಪ್ಪೊಪ್ಪಿಗೆಯ ಬಳಿಗೆ ಕರೆದೊಯ್ಯುತ್ತಾಳೆ, ಪಶ್ಚಾತ್ತಾಪದ ಉಡುಗೆ ತೊಡಿಸುತ್ತಾಳೆ. ಅವನು ತನ್ನ ಮೈಯನ್ನು ತಾನೇ ದಂಡಿಸಿಕೊಂಡಾಗ ಸತ್ಕರ್ಮ ಎದ್ದು ನಿಲ್ಲುತ್ತದೆ. ಮುಂದೆ ಗೋರಿಯ ಅಂಚಿನವರೆಗೂ ಅವಳು ಬರುತ್ತಾಳೆ, ಒಳಗೆ ಇಳಿಯುವುದಿಲ್ಲ. ಈ ಪಾತ್ರದ ಹೆಸರನ್ನು ಕನ್ನಡದಲ್ಲಿ ವಿವರಿಸುವಾಗ ಮೊದಲು ನಾಲಿಗೆಗೆ ಬರುವ ಪದ ‘ಜ್ಞಾನ’. ಅನಾಹುತ ಶುರುವಾಗುವುದು ಅಲ್ಲಿಂದ.

‘ಜ್ಞಾನ’ ಎಂದೊಡನೆ ಕನ್ನಡದ ಓದುಗನ ಹಿಂದೆ ಉಪನಿಷತ್ತಿನಿಂದ ನಿಜಗುಣ ಶಿವಯೋಗಿಯವರೆಗಿನ ಪರಂಪರೆ ನಿಲ್ಲುತ್ತದೆ. ಚಂದೇಲರ ಕೀರ್ತಿವರ್ಮನ ಆಸ್ಥಾನದ ಕೃಷ್ಣಮಿಶ್ರನು ಹನ್ನೊಂದನೆಯ ಶತಮಾನದಲ್ಲಿ ಬರೆದ ‘ಪ್ರಬೋಧಚಂದ್ರೋದಯ’ವೂ ರೂಪಕನಾಟಕವೇ. ಅಲ್ಲಿ ವಿವೇಕ ಮತ್ತು ಉಪನಿಷತ್ತುಗಳ ಕೂಟದಿಂದ ವಿದ್ಯೆಯೂ ಪ್ರಬೋಧವೂ ಹುಟ್ಟುತ್ತವೆ, ಪುರುಷನಿಗೆ ತನ್ನ ಸ್ವರೂಪ ತಿಳಿಯುತ್ತದೆ, ನಾಟಕ ಮುಗಿಯುತ್ತದೆ. ಜ್ಞಾನವೇ ಗುರಿ, ಕರ್ಮ ದಾರಿಯಲ್ಲಿ ಕಳಚುವಂಥದು. ಈ ನೋಟವನ್ನು ಹೊತ್ತು ‘ಎವ್ರಿಮ್ಯಾನ್’ ಓದಿದರೆ ಎಲ್ಲವೂ ತಲೆಕೆಳಗಾಗುತ್ತದೆ. ಜ್ಞಾನ ಗೋರಿಯ ಹೊರಗೆ ನಿಂತುಬಿಟ್ಟಿತು, ಕರ್ಮ ಒಳಗೆ ಹೋಯಿತು! ಇದನ್ನು ‘ಪಾಶ್ಚಾತ್ಯರು ಕರ್ಮಪ್ರಧಾನರು, ನಾವು ಜ್ಞಾನಪ್ರಧಾನರು’ ಎಂಬ ಸಿದ್ಧ ಸೂತ್ರಕ್ಕೆ ಒಗ್ಗಿಸುವುದು ಬಹಳ ಸುಲಭ, ಅಷ್ಟೇ ತಪ್ಪು. ನಾಟಕದ ಆ ಪಾತ್ರ ತತ್ತ್ವವನ್ನು ಬೋಧಿಸುವವಳಲ್ಲ. ಆಕೆಯ ನಿಖರ ಅರ್ಥದ ಬಗ್ಗೆ ಇಂಗ್ಲಿಷ್ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ ಆಕೆ ಮಾಡುವ ಕೆಲಸ ಸ್ಪಷ್ಟವಾಗಿದೆ: ತನ್ನ ಪಾಪವನ್ನು ತನ್ನದೆಂದು ಗುರುತಿಸಿ ಹೇಳಿಕೊಳ್ಳುವಂತೆ ಮಾಡುವುದು. ಆ ಕೆಲಸಕ್ಕೆ ಸಾವಿನಾಚೆ ಅವಕಾಶವಿಲ್ಲ. ಆದುದರಿಂದಲೇ ಅವಳು ಅಂಚಿನಲ್ಲಿ ನಿಲ್ಲುತ್ತಾಳೆ. ಅದು ಅವಳ ಸೋಲಲ್ಲ.

‘ಅರಿವು’ ಎಂದರೂ ತೊಡಕು ತಪ್ಪದು. ವಚನಕಾರರು ಆ ಪದಕ್ಕೆ ಕೊಟ್ಟ ತೂಕವನ್ನು ಯಾರೂ ಇಳಿಸಲಾರರು. ಪಕ್ಕದಲ್ಲಿಯೇ ಇರುವ ‘ಅರಿಕೆ’ ಎಂಬ ಪದವನ್ನು ಪರಿಶೀಲಿಸಬಹುದು. ಅರಿ ಧಾತುವಿನಿಂದಲೇ ಬಂದ ಈ ಪದದಲ್ಲಿ ತಿಳಿಯುವುದೂ ಇದೆ, ತಿಳಿದುದನ್ನು ದೊಡ್ಡವರ ಮುಂದೆ ತಲೆಬಾಗಿ ಹೇಳಿಕೊಳ್ಳುವುದೂ ಇದೆ. ‘ಅರಿಕೆ ಮಾಡಿಕೊಳ್ಳುವುದು’ ಎಂಬ ನುಡಿಗಟ್ಟು ಇಂದಿಗೂ ಬಳಕೆಯಲ್ಲಿದೆ. ತಪ್ಪೊಪ್ಪಿಗೆ ಪ್ರತ್ಯೇಕ ಪಾತ್ರವಾಗಿರುವುದರಿಂದ ಅರ್ಥಗಳು ಕೂಡಿಕೊಳ್ಳುವ ಅಪಾಯವಿದೆ ಎಂಬ ಆಕ್ಷೇಪ ಬರಬಹುದು. ಆದರೆ ಅರಿಕೆ ದಾರಿ ತೋರುವವಳು, ತಪ್ಪೊಪ್ಪಿಗೆ ಆ ದಾರಿಯ ಮನೆ ಎಂದು ನಾಟಕವೇ ಬೇರ್ಪಡಿಸಿದೆ. ‘ಸತ್ಕರ್ಮ’ ಪದವೂ ಪ್ರಶ್ನಾತೀತವಲ್ಲ. ಡಚ್ ಮೂಲದಲ್ಲಿ ಆ ಪಾತ್ರದ ಹೆಸರು ಸದ್ಗುಣ ಎಂಬರ್ಥದ್ದು. ಇಂಗ್ಲಿಷ್ ಅನುವಾದಕ ಅದನ್ನು ‘ಒಳ್ಳೆಯ ಕಾರ್ಯಗಳು’ ಎಂದು ಬದಲಿಸಿದ. ಕಾರ್ಯಗಳಿಂದ ಮುಕ್ತಿಯೋ ಶ್ರದ್ಧೆಯೊಂದರಿಂದಲೋ ಎಂಬ ವಾದ 1517ರ ನಂತರ ಯುರೋಪನ್ನು ಸೀಳಿತು. ಈ ನಾಟಕ ಲಂಡನ್ನಿನಲ್ಲಿ ಮತ್ತೆ ಮತ್ತೆ ಅಚ್ಚಾದುದು ಸರಿಸುಮಾರು ಆ ದಶಕಗಳಲ್ಲಿಯೇ. ಪಂಚೇಂದ್ರಿಯಗಳು ಪಾದ್ರಿಗಳ ಘನತೆಯನ್ನು ಕೊಂಡಾಡುವ, ಅವಳು ಅದೇ ಉಸಿರಿನಲ್ಲಿ ಕೆಟ್ಟ ಪಾದ್ರಿಗಳನ್ನು ಹಳಿಯುವ ಭಾಗವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ನಮ್ಮ ಪುಣ್ಯಸಂಚಯದ ಕಲ್ಪನೆಗೆ ಈ ಜಗಳದ ಗಂಧವೇ ಇಲ್ಲ.

ವಿಲಿಯಂ ಪೋಲ್ 1901ರಲ್ಲಿ ಈ ನಾಟಕವನ್ನು ಮತ್ತೆ ರಂಗಕ್ಕೆ ತಂದಾಗಲೂ, 1920ರಿಂದ ಸಾಲ್ಜ್‌ಬರ್ಗ್ ನಗರದಲ್ಲಿ ಹೋಫ್ಮನ್‌ಸ್ಟಾಲ್‌ನ ರೂಪಾಂತರ ಆಡತೊಡಗಿದಾಗಲೂ ಬಂದವರೆಲ್ಲ ಆಸ್ತಿಕರಾಗಿರಲಿಲ್ಲ. ಅವರನ್ನು ತಟ್ಟಿದುದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಒಂದೊಂದೇ ಪಾತ್ರ ಬೆನ್ನು ತಿರುಗಿಸಿ ಹೋಗುವ ದೃಶ್ಯವಿರಬಹುದು. ಕನ್ನಡದಲ್ಲಿ ಇದನ್ನು ಆಡಿಸುವವರಿಗೆ ಇನ್ನೂ ಒಂದು ಸೌಲಭ್ಯವಿದೆ. ಭಾಷೆ ಕೊಟ್ಟು ತಪ್ಪುವ ಗೆಳೆತನ ರಂಗಕ್ಕೆ ಬಂದಾಗ, ಭಾಷೆ ಕೊಟ್ಟು ತಪ್ಪದವರ ಕಲ್ಲುಗಳನ್ನು ಊರಹೊರಗೆ ಕಂಡ ಪ್ರೇಕ್ಷಕರು ಎದುರಿಗಿರುತ್ತಾರೆ. ಆ ದೃಶ್ಯಕ್ಕೆ ಅವರು ನಗುವ ಬಗೆ ಲಂಡನ್ನಿನವರದಾಗಿರಲಾರದು. ಗೋರಿಯ ಅಂಚಿನಲ್ಲಿ ನಿಂತವಳನ್ನು ‘ಜ್ಞಾನ’ ಎಂದು ಕರೆಯುವುದೋ ‘ಅರಿಕೆ’ ಎಂದು ಕರೆಯುವುದೋ ಎಂಬುದನ್ನು ಅನುವಾದಕ ಅಷ್ಟರೊಳಗೆ ನಿರ್ಧರಿಸಿರಬೇಕು; ಏಕೆಂದರೆ ಅವನು ಕಣ್ಮರೆಯಾದ ಮೇಲೆ ದೇವದೂತರ ಹಾಡು ಕೇಳಿಸಿತೆಂದು ಪ್ರೇಕ್ಷಕರಿಗೆ ಹೇಳುವವಳು ಅವಳೇ.