ಮುಂದೇನು ಎಂದು ಕೇಳುವ ಮೊದಲು

ನಿವೃತ್ತಿಯ ದಿನ ಹೊದಿಸಿದ ಶಾಲು ಹೆಗಲ ಮೇಲಿರುವಾಗಲೇ ಪ್ರಶ್ನೆ ಬರುತ್ತದೆ: ಮುಂದೇನು? ಗಂಡನ ಸ್ಮರಣೆಯ ಆರಾಧನೆ ಮುಗಿಸಿ ಹೊರಬಂದ ಹೆಂಗಸನ್ನೂ ಅದು ಬಿಡುವುದಿಲ್ಲ. ಗಲ್ಫಿನ ಕೆಲಸ ಮುಗಿಸಿ ಉಡುಪಿಗೋ ಮಂಗಳೂರಿಗೋ ಮರಳಿದವರು, ಮಕ್ಕಳೆಲ್ಲ ದೂರದ ಊರು ಸೇರಿದ ಮೇಲೆ ಮನೆಯಲ್ಲಿ ಒಬ್ಬಳೇ ಉಳಿದ ತಾಯಿ, ನಡುವಯಸ್ಸಿನಲ್ಲಿ ನೌಕರಿ ಕಳೆದುಕೊಂಡವನು, ಎಲ್ಲರೂ ಇದನ್ನು ಎದುರಿಸಲೇಬೇಕು. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಕ್ರೈಸ್ತ ಸಭೆಗಳಲ್ಲಿ ಉತ್ತರವನ್ನೂ ಅವರೇ ಕೊಡುತ್ತಾರೆ: ದೇವರು ನಿಮಗಾಗಿ ಒಂದು ಯೋಜನೆ ಇಟ್ಟಿದ್ದಾನೆ, ಧೈರ್ಯ ತಂದುಕೊಳ್ಳಿ, ಯಾವುದಾದರೂ ಸೇವೆಗೆ ಇಳಿಯಿರಿ.

ಆ ಮಾತನ್ನು ನಾನು ನಂಬುತ್ತೇನೆ. ಅದನ್ನು ಹೇಳುವ ಅವಸರವನ್ನು ಮಾತ್ರ ಒಪ್ಪಲಾರೆ. ಬದುಕು ಒಂದು ದಡ ಬಿಟ್ಟು ಇನ್ನೊಂದನ್ನು ಮುಟ್ಟುವ ಮೊದಲಿನ ಹೊತ್ತಿನಲ್ಲಿ ಮನುಷ್ಯನಿಗೆ ಯಾವುದು ಮೊದಲು ಬೇಕು, ಉದ್ದೇಶವೋ ವಿಶ್ರಾಂತಿಯೋ? ಗುರಿ ಸಿಕ್ಕಿದರೆ ನೆಮ್ಮದಿ ತಾನಾಗಿ ಬರುತ್ತದೆ ಎಂಬುದು ಇಂದಿನ ರೂಢಿಯ ನಂಬಿಕೆ. ಬೈಬಲಿನ ಕ್ರಮ ಬೇರೆ. ಅಲ್ಲಿ ದಣಿದವನಿಗೆ ಮೊದಲು ಅನ್ನ ಮತ್ತು ನಿದ್ದೆ ಸಿಗುತ್ತದೆ, ಕೆಲಸದ ಮಾತು ಬಹಳ ತಡವಾಗಿ ಬರುತ್ತದೆ.

ಪ್ರವಾದಿ ಎಲೀಯನ ಕಥೆಯನ್ನೇ ನೋಡಿ. ಒಂದನೆಯ ಅರಸುಗಳು ಗ್ರಂಥದ 19ನೆಯ ಅಧ್ಯಾಯವನ್ನು ನಮ್ಮ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ನಡುವಿನಿಂದ ಶುರುಮಾಡುತ್ತಾರೆ. ಗಾಳಿ, ಭೂಕಂಪ, ಬೆಂಕಿ, ಆಮೇಲಿನ ಮೆಲುದನಿ, ಇವಿಷ್ಟೇ ನೆನಪಿನಲ್ಲಿ ಉಳಿಯುತ್ತವೆ. ಅದಕ್ಕೂ ಮೊದಲು ನಡೆದದ್ದನ್ನು ನಿಧಾನವಾಗಿ ಓದಬೇಕು. ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳೆದುರು ಗೆದ್ದವನು ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋದ. ಬೇರ್ಷೆಬದಲ್ಲಿ ಸೇವಕನನ್ನೂ ಬಿಟ್ಟು, ಅರಣ್ಯದಲ್ಲಿ ಒಂದು ದಿನದ ಹಾದಿ ನಡೆದು, ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದ. ಬೇಡುತ್ತಲೇ ಮಲಗಿಬಿಟ್ಟ. ದೇವದೂತ ಬಂದು ತಟ್ಟಿ ಎಬ್ಬಿಸಿ ಹೇಳಿದ್ದು ಇಷ್ಟೇ: ಎದ್ದು ಊಟಮಾಡು. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರಿನ ತಂಬಿಗೆಯೂ ಇದ್ದವು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ದೂತ ಗದರಲಿಲ್ಲ. ನಿನ್ನೆಯ ಗೆಲುವನ್ನು ನೆನಪಿಸಿ ನಾಚಿಕೆಪಡಿಸಲೂ ಇಲ್ಲ. ಎರಡನೆಯ ಸಲವೂ ಬಂದು ಉಣ್ಣಲು ಕರೆದ; ಮುಂದಿನ ಹಾದಿ ನಿನ್ನ ಶಕ್ತಿಗೆ ಮೀರಿದ್ದು ಎಂಬುದೊಂದೇ ಆತ ಕೊಟ್ಟ ಕಾರಣ.

ಆ ಊಟದ ಬಲದಿಂದ ಎಲೀಯ ನಲವತ್ತು ಹಗಲು ನಲವತ್ತು ರಾತ್ರಿ ನಡೆದು ಹೋರೇಬನ್ನು ಸೇರಿದ. ಗವಿಯಲ್ಲಿ ದೇವರು ಕೇಳಿದ್ದು ಅಪ್ಪಣೆಯ ಮಾತಲ್ಲ, ಪ್ರಶ್ನೆ: ಇಲ್ಲೇನು ಮಾಡುತ್ತಿದ್ದೀ? ಎಲೀಯ ತನ್ನ ಸಂಕಟವನ್ನೆಲ್ಲ ತೋಡಿಕೊಂಡ. ಮೆಲುದನಿಯಾದ ಮೇಲೆ ಅದೇ ಪ್ರಶ್ನೆ ಮತ್ತೆ ಬಂತು, ಉತ್ತರವಾಗಿ ಅದೇ ದೂರನ್ನು ಆತ ಮತ್ತೆ ಹೇಳಿದ. ದೇವರ ಸಾನ್ನಿಧ್ಯವನ್ನು ಕಂಡ ಮೇಲೂ ಅವನ ಮನಸ್ಸು ಒಂದೇಟಿಗೆ ನೆಟ್ಟಗಾಗಲಿಲ್ಲ. ಒಂದು ಪ್ರಾರ್ಥನಾಕೂಟಕ್ಕೆ ಬಂದು ಹೋದಮೇಲೂ ಯಾಕೆ ಇನ್ನೂ ಅಳುತ್ತಾಳೆ ಎಂದು ಒಬ್ಬಳ ಕುರಿತು ಕೇಳುವವರು ಈ ಭಾಗವನ್ನು ಓದಬೇಕು. ದೇವರಿಗೆ ಒಂದೇ ದುಃಖವನ್ನು ಎರಡು ಸಲ ಕೇಳುವ ತಾಳ್ಮೆಯಿತ್ತು.

ಕೆಲಸ ಬಂದದ್ದು ಆಮೇಲೆ. ಹಜಾಯೇಲನನ್ನು ಅರಾಮಿಗೂ ಯೇಹುವನ್ನು ಇಸ್ರಾಯೇಲಿಗೂ ಅರಸನನ್ನಾಗಿ ಅಭಿಷೇಕಿಸಬೇಕು, ತನ್ನ ಸ್ಥಾನಕ್ಕೆ ಎಲೀಷನನ್ನು ಕರೆಯಬೇಕು. ಈ ಮೂರರಲ್ಲಿ ಎಲೀಯ ತಾನೇ ಹೋಗಿ ನೆರವೇರಿಸಿದ್ದು ಕೊನೆಯದೊಂದನ್ನು ಮಾತ್ರ. ಉಳುತ್ತಿದ್ದ ಎಲೀಷನ ಮೇಲೆ ಕಂಬಳಿ ಹಾಕಿ ಮುಂದೆ ನಡೆದ. ಹಜಾಯೇಲನಿಗೆ ಅರಸನಾಗುವ ಸುದ್ದಿ ತಿಳಿಸಿದವನು ಎಷ್ಟೋ ಕಾಲದ ನಂತರ ಎಲೀಷ. ಯೇಹುವಿಗೆ ಎಣ್ಣೆ ಹೊಯ್ದವನು ಎಲೀಷ ಕಳಿಸಿದ ಒಬ್ಬ ಹುಡುಗ, ಅವನ ಹೆಸರೂ ಗ್ರಂಥದಲ್ಲಿಲ್ಲ. ಬದುಕಿನ ತಿರುವಿನಲ್ಲಿ ಸಿಗುವ ಉದ್ದೇಶ ನಮ್ಮ ಕೈಯಲ್ಲೇ ಮುಗಿಯಬೇಕೆಂದಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಶಿಕ್ಷಕಿಗೆ ಅರವತ್ತರಲ್ಲಿ ಇನ್ನೊಂದು ಶಾಲೆ ಕಟ್ಟುವ ಕರೆ ಬರಲಿ ಎಂದೇ ನಾವು ಹಾರೈಸುತ್ತೇವೆ. ಒಬ್ಬ ಎಳೆಯ ಶಿಕ್ಷಕಿಯ ಬೆನ್ನಿಗೆ ನಿಂತು ಆಕೆ ಸುಮ್ಮನೆ ಹಿಂದೆ ಸರಿಯುವುದೂ ಪೂರ್ಣ ಪ್ರಮಾಣದ ಕರೆಯೇ ಎಂದು ಹೇಳಲು ನಮಗೇಕೆ ಇಷ್ಟು ಹಿಂಜರಿಕೆ?

ಇನ್ನು ಯೋಜನೆಯ ಮಾತು. ಅದರ ಮೂಲ ಯೆರೆಮೀಯನ 29ನೆಯ ಅಧ್ಯಾಯ. ಗೋಡೆಯ ಕ್ಯಾಲೆಂಡರಿನಲ್ಲಿ, ಹುಟ್ಟುಹಬ್ಬದ ಕಾರ್ಡಿನಲ್ಲಿ ಆ ಅಧ್ಯಾಯದ ಒಂದು ವಚನ ಮಾತ್ರ ಕಾಣಿಸುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ಮರಳಿ ಬರುತ್ತಾರೆ ಎಂದು ಸಾರಿ, ಯೆರೆಮೀಯನ ಕೊರಳಿನ ನೊಗವನ್ನು ಕಿತ್ತು ಮುರಿದ. ಜನರಿಗೆ ಅದೇ ಬೇಕಿತ್ತು. ಯೆರೆಮೀಯ ಬರೆದದ್ದು ಎಪ್ಪತ್ತು ವರ್ಷ ಎಂದು. ಅಲ್ಲಿಯವರೆಗೆ ಮನೆ ಕಟ್ಟಿ ವಾಸಮಾಡಿ, ತೋಟ ಹಾಕಿ ಅದರ ಫಲ ಉಣ್ಣಿ, ಮದುವೆಯಾಗಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದ. ಪತ್ರವನ್ನು ಓದಿ ಕೇಳಿಸಿಕೊಂಡ ಮುದುಕರು ಆ ಯೋಜನೆ ನೆರವೇರುವುದನ್ನು ಕಾಣಲಿಲ್ಲ. ಆದರೂ ಪತ್ರ ಅವರಿಗೇ ಸಲ್ಲುವಂಥದ್ದು, ಏಕೆಂದರೆ ಅಂದಂದಿನ ತೋಟ, ಮನೆ, ಊಟದಲ್ಲೇ ಬದುಕುವ ಅಪ್ಪಣೆಯನ್ನು ಅದು ಕೊಟ್ಟಿತು. ಇಂದು ಕೆಲಸ ಕಳೆದುಕೊಂಡವನಿಗೆ ಇಷ್ಟೇ ತಿಂಗಳಲ್ಲಿ ಬಾಗಿಲು ತೆರೆಯುತ್ತದೆ ಎಂದು ದೇವರ ಹೆಸರಿನಲ್ಲಿ ಗಡುವು ಹೇಳುವವರು, ತಮಗೆ ಅರಿವಿಲ್ಲದೆಯೇ, ಹನನ್ಯನ ಪಕ್ಕದಲ್ಲಿ ನಿಲ್ಲುತ್ತಾರೆ. ಬಾಗಿಲು ತೆರೆಯದಿದ್ದಾಗ ಅವನು ತನ್ನ ನಂಬಿಕೆಯೇ ಸಾಲದೆಂದುಕೊಳ್ಳುತ್ತಾನೆ. ಅವನ ಮೇಲೆ ಈ ಭಾರವನ್ನು ಹೊರಿಸುವ ಅಧಿಕಾರ ಯಾರಿಗೂ ಇಲ್ಲ.

ವಿಶ್ರಾಂತಿ ಮೊದಲು ಎಂಬ ಈ ವಾದಕ್ಕೆ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೆಲವರಿಗೆ ಬಿಡುವೇ ಶತ್ರು. ಸುಮ್ಮನೆ ಕುಳಿತರೆ ದುಃಖ ಮೇಲೇರುತ್ತದೆ, ಕೈಗೆ ಕೆಲಸ ಸಿಕ್ಕಿದರೆ ಉಸಿರಾಡುತ್ತಾರೆ. ನಿಜ. ಪಂಡಿತಾ ರಮಾಬಾಯಿಯನ್ನೇ ನೆನೆಯಬಹುದು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ತಂದೆತಾಯಿಯರನ್ನು ಬರಗಾಲ ಕಸಿಯಿತು, 1880ರಲ್ಲಿ ಅಣ್ಣ ತೀರಿಕೊಂಡರು, 1882ರಲ್ಲಿ ಗಂಡ. ಕೈಯಲ್ಲಿ ಎಳೆಯ ಮಗಳು ಮನೋರಮಾ. ಅದೇ ವರ್ಷ ಅವರು ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳ ವಿದ್ಯೆಯ ಪರವಾಗಿ ಸಾಕ್ಷ್ಯ ನುಡಿದರು. ಅವರು ಎಲ್ಲಿ ಮಲಗಿದರು ಎಂದು ಯಾರಾದರೂ ನನ್ನನ್ನು ಕೇಳಬಹುದು.

ಮುಂದಿನ ವರ್ಷಗಳನ್ನೂ ನೋಡೋಣ. 1883ರಲ್ಲಿ ವೈದ್ಯಳಾಗಬೇಕೆಂಬ ಆಸೆಯಿಂದ ಇಂಗ್ಲೆಂಡಿಗೆ ಹೋದರು. ವಾಂಟೇಜಿನ ಸನ್ಯಾಸಿನಿಯರು ಮಗುವಿನ ಸಮೇತ ಅವರನ್ನು ತಮ್ಮ ಮನೆಯಲ್ಲಿಟ್ಟುಕೊಂಡರು. ಅಲ್ಲಿಯೂ ಕಷ್ಟ ಬಿಡಲಿಲ್ಲ. ಜೊತೆಗೆ ಹೋಗಿದ್ದ ಗೆಳತಿ ಅಲ್ಲೇ ತೀರಿಕೊಂಡರು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಕೀಯದ ಬಾಗಿಲು ಮುಚ್ಚಿತು. ಆದರೆ ಆ ವರ್ಷಗಳಲ್ಲಿ ಅವರಿಗೆ ಒಂದು ಸೂರು ಇತ್ತು, ಓದಲು ಹೊತ್ತಿತ್ತು, ಫುಲ್‌ಹ್ಯಾಮಿನಲ್ಲಿ ಸಮಾಜ ಕೈಬಿಟ್ಟ ಹೆಂಗಸರನ್ನು ಸನ್ಯಾಸಿನಿಯರು ಆದರದಿಂದ ನೋಡಿಕೊಳ್ಳುವುದನ್ನು ಕಣ್ಣಾರೆ ಕಾಣುವ ಅವಕಾಶವಿತ್ತು. ಆ ನೋಟ ಅವರೊಳಗೆ ಉಳಿಯಿತು. ವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ ತೆರೆದದ್ದು 1889ರಲ್ಲಿ, ಗಂಡ ತೀರಿದ ಏಳು ವರ್ಷಕ್ಕೆ. ಕೇಡಗಾಂವದ ಮುಕ್ತಿ ಸದನ ಇನ್ನೂ ತಡವಾಗಿ ಬಂತು. ಕೈತುಂಬ ಕೆಲಸ ಮತ್ತು ಉದ್ದೇಶ ಎರಡೂ ಒಂದೇ ಅಲ್ಲವೆಂದು ನನಗೆ ಈ ಬದುಕಿನಿಂದ ಸ್ಪಷ್ಟವಾಗುತ್ತದೆ. ದುಡಿಮೆ ಅವರನ್ನು ಎತ್ತಿ ಹಿಡಿಯಿತು. ಉದ್ದೇಶ ಮಾಗಲು ಮಾತ್ರ ಯಾರೋ ತೆರೆದಿಟ್ಟ ಮನೆ ಬೇಕಾಯಿತು, ತಪ್ಪಿದ ಬಾಗಿಲೊಂದು ಬೇಕಾಯಿತು, ವರ್ಷಗಳು ಬೇಕಾದವು. ವಿಶ್ರಾಂತಿಯೆಂದರೆ ಮಲಗಿರುವುದಷ್ಟೇ ಅಲ್ಲ. ಬೇಗ ಏನಾದರೂ ಆಗಿ ತೋರಿಸಬೇಕೆಂಬ ಒತ್ತಡವಿಲ್ಲದೆ ಇರಲು ಸಿಕ್ಕುವ ಜಾಗವೂ ವಿಶ್ರಾಂತಿಯೇ.

ಯೇಸು ಸಭೆಯನ್ನು ಸ್ಥಾಪಿಸಿದ ಲೊಯೊಲಾದ ಸಂತ ಇಗ್ನೇಷಿಯಸರು 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದವರು. ತಮ್ಮೊಳಗಿನ ಆಸೆಗಳಲ್ಲಿ ಯಾವುದು ಬರಡಾಗಿಸುತ್ತದೆ, ಯಾವುದು ಉಲ್ಲಾಸ ಉಳಿಸುತ್ತದೆ ಎಂದು ಗಮನಿಸಲು ಕಲಿತದ್ದು ಆ ಹಾಸಿಗೆಯಲ್ಲೇ. ಮನಸ್ಸು ಕತ್ತಲಲ್ಲಿರುವಾಗ ಹೊಸ ತೀರ್ಮಾನ ಮಾಡಬಾರದು, ಮೊದಲಿನ ನಿಶ್ಚಯದಲ್ಲೇ ನಿಲ್ಲಬೇಕು ಎಂಬುದು ಅವರು ಮುಂದೆ ಬರೆದಿಟ್ಟ ನಿಯಮ. ವಿಧವೆಯಾದ ಕೆಲವೇ ವಾರಗಳಲ್ಲಿ ಮನೆ ಮಾರಿ ಮಗನ ಊರಿಗೆ ಹೋಗು ಎಂದು ಒತ್ತಾಯಿಸುವ ಬಂಧುಗಳಿಗೆ ಈ ನಿಯಮವನ್ನು ಯಾರಾದರೂ ತಿಳಿಹೇಳಬೇಕು.

ಇಷ್ಟಾದರೂ ನನ್ನ ವಾದದಲ್ಲಿ ದೊಡ್ಡದೊಂದು ಬಿರುಕು ಉಳಿದಿದೆ: ವಿಶ್ರಾಂತಿ ಪಡೆಯುವ ಅನುಕೂಲ ಯಾರಿಗಿದೆ? ಪಿಂಚಣಿ ಬರುವವರಿಗೆ ಇದನ್ನೆಲ್ಲ ಹೇಳುವುದು ಸುಲಭ. ಗಂಡನನ್ನು ಮಣ್ಣುಮಾಡಿದ ಮೂರನೆಯ ದಿನ ಪಾತ್ರೆ ತೊಳೆಯಲು ಹೋಗಲೇಬೇಕಾದವಳಿಗೆ? ಇದಕ್ಕೆ ಉತ್ತರ ಸಬ್ಬತ್ತಿನ, ಅಂದರೆ ವಿಶ್ರಾಂತಿಯ ದಿನದ, ಆಜ್ಞೆಯಲ್ಲಿದೆ. ಹತ್ತು ಆಜ್ಞೆಗಳ ಭಾಗವಾಗಿ ಅದು ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಕಾಂಡದಲ್ಲಿ ಅದಕ್ಕೆ ಕಾರಣ ದೇವರು ಏಳನೆಯ ದಿನ ವಿಶ್ರಮಿಸಿದ್ದು. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಕಾರಣವೇ ಬೇರೆ: ನೀವು ಐಗುಪ್ತದಲ್ಲಿ ದಾಸರಾಗಿದ್ದಿರಿ, ಅದನ್ನು ನೆನಪಿಡಿ, ಆದ್ದರಿಂದ ನಿಮ್ಮ ದಾಸದಾಸಿಯರೂ ಪರದೇಶಿಯೂ ಎತ್ತು ಕತ್ತೆಗಳೂ ನಿಮ್ಮಂತೆಯೇ ದಣಿವಾರಿಸಿಕೊಳ್ಳಲಿ. ಇಲ್ಲಿ ವಿಶ್ರಾಂತಿ ಒಬ್ಬರ ಭಕ್ತಿಯ ಅಭ್ಯಾಸವಾಗಿ ಉಳಿಯುವುದಿಲ್ಲ, ಮನೆಯ ಯಜಮಾನ ಇನ್ನೊಬ್ಬರಿಗೆ ಸಲ್ಲಿಸಬೇಕಾದ ಋಣವಾಗುತ್ತದೆ. ಎಲೀಯನ ರೊಟ್ಟಿಯನ್ನು ಸುಟ್ಟವನು ಎಲೀಯನಲ್ಲ.

ಹಾಗಿದ್ದರೆ ಪ್ರೋತ್ಸಾಹದ ಮಾತಿಗೆ ಖರ್ಚೂ ಜೊತೆಗೂಡಬೇಕು. ಭಾನುವಾರ ಆರಾಧನೆ ಮುಗಿಸಿ ಬಂದು ಮನೆಮಂದಿಗೆಲ್ಲ ವಿಶೇಷ ಅಡುಗೆ ಮಾಡುವ ಹೆಂಗಸಿಗೆ ಸಬ್ಬತ್ ಯಾವಾಗ ಎಂದು ಗಂಡಸರು ಯೋಚಿಸಿ, ಅಡುಗೆಮನೆಗೆ ತಾವೇ ಹೋಗಬೇಕು. ಮನೆಗೆಲಸದವಳಿಗೆ ಸಂಬಳ ಕಡಿಯದ ವಾರದ ರಜೆ ಕ್ರೈಸ್ತ ಮನೆಗಳಲ್ಲಿ ಕೇಳದೆಯೇ ಸಿಗಬೇಕು. ಸಭೆಯಲ್ಲಿ ಯಾರಾದರೂ ಗಂಡನನ್ನೋ ಕೆಲಸವನ್ನೋ ಕಳೆದುಕೊಂಡಾಗ, ಹಿರಿಯರು ಮನೆಗೆ ಹೋಗಿ ಮೊದಲು ಬಾಡಿಗೆ ಎಷ್ಟು, ಮಕ್ಕಳ ಶಾಲೆಯ ಶುಲ್ಕ ಎಷ್ಟು ಬಾಕಿಯಿದೆ ಎಂದು ವಿಚಾರಿಸಲಿ. ಅವರಿಗೆ ಯಾವ ಸೇವೆ ವಹಿಸಬಹುದೆಂಬ ಚರ್ಚೆಯನ್ನು ಕೆಲವು ತಿಂಗಳ ಮಟ್ಟಿಗೆ ಬಿಟ್ಟುಬಿಡಲಿ, ಸಾಕ್ಷಿ ಹೇಳಲು ವೇದಿಕೆಗೆ ಕರೆಯದಿರಲಿ. ಇದಕ್ಕೆ ಹಣ ಎಲ್ಲಿಂದ ಎಂದರೆ, ಸುಗ್ಗಿ ಹಬ್ಬದಲ್ಲಿ ಬಾಳೆಗೊನೆ, ಕುಂಬಳಕಾಯಿ, ಕೋಳಿಗಳನ್ನು ಹರಾಜು ಹಾಕಿ ಸೇರಿಸುವ ದುಡ್ಡು ಪ್ರತಿವರ್ಷ ನಮ್ಮ ಕೈಗೆ ಬರುತ್ತದೆ. ಅದರಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆಂದೇ ತೆಗೆದಿಡುವ ನಿರ್ಣಯವನ್ನು ಮುಂದಿನ ವಾರ್ಷಿಕ ಸಭೆಯಲ್ಲೇ ಮಾಡಬಹುದು.