‘ಮನೆಯಲ್ಲಿ ಕನ್ನಡ ನಿಲ್ಲಿಸಿ’ ಎನ್ನುವವರಿಗೆ

ಕಳೆದ ಮಳೆಗಾಲದ ಒಂದು ಸಂಜೆ, ಸ್ವಾರಗೇಟದ ಎಸ್.ಟಿ. ನಿಲ್ದಾಣದ ಎದುರಿನ ನಮ್ಮ ಮನೆಗೆ ಮಗ, ಸೊಸೆ, ಮೊಮ್ಮಗ ಮೂವರೂ ಹಿಂತಿರುಗಿದರು. ಹುಡುಗ ಹೊಸ್ತಿಲಲ್ಲೇ ನಿಂತು ಅಂದ: ‘ಅಜ್ಜಾ, ನೀ ಇನ್ನ ನನ್ನ ಕೂಡ ಕನ್ನಡ ಮಾತಾಡಬಾರದಂತ.’ ಅವನಿಗೆ ಏಳು ವರ್ಷ. ಮಾತು ತಡವಾಗಿ ಬಂದ ಮಗು. ಎರಡನೆಯ ಇಯತ್ತೆಗೆ ಬಂದರೂ ಓದು ಹಿಡಿದಿರಲಿಲ್ಲ. ಇಷ್ಟು ಉದ್ದದ ವಾಕ್ಯವನ್ನು ಅವನು ತಡವರಿಸದೆ ಆಡಿದ್ದು ನಾನು ಕೇಳಿದ್ದರಲ್ಲಿ ಅದೇ ಮೊದಲು. ಅದೂ ಕನ್ನಡದಲ್ಲಿ!

ಊರಿನ ಒಂದು ಚಿಕಿತ್ಸಾಲಯದಲ್ಲಿ ಅವನನ್ನು ಪರೀಕ್ಷಿಸಿದವರ ಸಲಹೆ ಇದಾಗಿತ್ತು. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಇಷ್ಟೊಂದು ಭಾರ ಈ ಮಗುವಿಗೆ ಆಗದು, ಕನ್ನಡವನ್ನು ಬಿಡಿ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿ. ಮಗ-ಸೊಸೆ ಇದನ್ನು ವೇದವಾಕ್ಯವೆಂದು ಸ್ವೀಕರಿಸಿದರು. ಪರಿಣಾಮವೇನಾಯಿತು? ಸೊಸೆಗೆ ಬರುವ ಇಂಗ್ಲಿಷು ‘ಕಮ್’, ‘ಈಟ್’, ‘ಸ್ಲೀಪ್’ ಎಂಬಲ್ಲಿಗೆ ಮುಗಿಯುತ್ತದೆ. ಮಾತಿನ ಅಭಾವವೇ ರೋಗವಾಗಿದ್ದ ಮಗುವಿನ ಮನೆಯಲ್ಲಿ ಚಿಕಿತ್ಸೆಯ ಹೆಸರಿನಲ್ಲಿ ಮೌನವನ್ನು ಪ್ರತಿಷ್ಠಾಪಿಸಿದಂತಾಯಿತು. ನನ್ನ ಮಡದಿ ರಾತ್ರಿ ಕಥೆ ಹೇಳುವುದನ್ನು ನಿಲ್ಲಿಸಿದಳು. ಎರಡು ತಿಂಗಳು ಹೀಗೆ ಕಳೆದವು.

ಮಗುವಿಗೆ ತೊಂದರೆಯೇ ಇರಲಿಲ್ಲವೆಂದು ನಾನು ವಾದಿಸುತ್ತಿಲ್ಲ. ‘ಅವರಪ್ಪನೂ ತಡವಾಗಿಯೇ ಮಾತಾಡಿದ, ತಾನಾಗಿಯೇ ಬರುತ್ತದೆ’ ಎಂದು ಎರಡು ವರ್ಷ ಕಾಯಿಸಿದವನು ನಾನೇ; ಆ ತಪ್ಪಿನ ಹೊಣೆ ನನ್ನದು. ನನ್ನ ಜಗಳವಿರುವುದು ಚಿಕಿತ್ಸೆಯೊಡನೆ ಅಲ್ಲ, ಭಾಷೆಯೇ ಕಾಯಿಲೆ ಎಂಬ ನಂಬಿಕೆಯೊಡನೆ.

ಈ ನಂಬಿಕೆ ಹಳೆಯದು. 1923ರಲ್ಲಿ ವೇಲ್ಸ್ ಪ್ರಾಂತದ ಹಳ್ಳಿಯ ಮಕ್ಕಳನ್ನು ಪರೀಕ್ಷಿಸಿದ ಸೇರ್ ಎಂಬಾತ, ಎರಡು ಭಾಷೆಯವರು ಬುದ್ಧಿಯಲ್ಲಿ ಹಿಂದೆ ಎಂದು ಸಾರಿದ. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಸಮಾನ ಅಂತಸ್ತಿನ ಮಕ್ಕಳನ್ನು ಹೋಲಿಸಿ ನೋಡಿದಾಗ ಫಲಿತಾಂಶ ತಿರುಗಿಬಿತ್ತು. ಅವರೆಲ್ಲ ಆರೋಗ್ಯವಂತ ಮಕ್ಕಳು, ನಮ್ಮ ಮಗುವಿನ ಮಾತೇ ಬೇರೆ ಎನ್ನುವಿರಾ? 2003ರಲ್ಲಿ ಕೆನಡಾದ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು ಭಾಷಾದೋಷವುಳ್ಳ ಮಕ್ಕಳನ್ನೇ ತೆಗೆದುಕೊಂಡು, ಎರಡು ಭಾಷೆಯವರು ಒಂದೇ ಭಾಷೆಯವರಿಗಿಂತ ವ್ಯಾಕರಣದಲ್ಲಿ ಹೆಚ್ಚು ಎಡವುವುದಿಲ್ಲವೆಂದು ಕಂಡರು. ಮಕ್ಕಳ ಸಂಖ್ಯೆ ಚಿಕ್ಕದು, ಒಪ್ಪಿದೆ. ಆದರೆ 2005ರಲ್ಲಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬಗೆಗೂ ಅದೇ ದೇಶದಲ್ಲಿ ಅಂಥದೇ ಫಲಿತಾಂಶ ಹೊರಬಂತು. ನಿಜವಾದ ಭಾಷಾದೋಷವು ಮಗು ಆಡುವ ಎಲ್ಲ ಭಾಷೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ; ಒಂದನ್ನು ಕಿತ್ತುಹಾಕಿದರೆ ಅದು ಇನ್ನೊಂದರಲ್ಲಿ ವಾಸಿಯಾಗುವುದಿಲ್ಲ.

ಹಾಗಾದರೆ ಮೊದಲು ಎಲ್ಲ ಭಾಷೆಗಳಲ್ಲಿಯೂ ಪರೀಕ್ಷಿಸಬೇಕಷ್ಟೆ? ನಮ್ಮ ಹುಡುಗನನ್ನು ಕನ್ನಡದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ‘ಬಸ್’ ಎನ್ನಬೇಕಾದಲ್ಲಿ ‘ಬಸ್ಸು’ ಎಂದದ್ದು ಅವನ ತಪ್ಪುಗಳ ಪಟ್ಟಿಗೆ ಸೇರಿತ್ತು. ಮರಾಠಿಯ ‘ಚಾಕ’, ಅಂದರೆ ಗಾಲಿ, ಎಂಬ ಮಾತಿನ ಚಕಾರವು ತ್ಸಕಾರಕ್ಕೆ ಸಮೀಪ. ನಮ್ಮ ಚಕಾರ ಹಾಗಲ್ಲ. ಅವನು ಅದನ್ನು ಕನ್ನಡದಂತೆ ಉಚ್ಚರಿಸಿದ್ದೂ ದೋಷವೆಂದೇ ದಾಖಲಾಗಿತ್ತು. ಹಾಗೆ ಎಣಿಸಿದರೆ ಈ ಪತ್ರಿಕೆಯ ವಾಚಕರಲ್ಲಿ ಎಷ್ಟು ಮಂದಿ ನಿರೋಗಿಗಳಾಗಿ ಉಳಿದಾರು?

ಬಳಿಕ ಬೇರೊಬ್ಬ ವಾಕ್ ಚಿಕಿತ್ಸಕಿ ಸಿಕ್ಕರು. ಮರಾಠಿಯವರು, ಕನ್ನಡದ ಗಂಧವೂ ಇಲ್ಲದವರು. ಅವರು ಹೇಳಿದ್ದು ಇಷ್ಟೇ: ‘ನನಗೆ ಬಾರದ ಭಾಷೆಯನ್ನು ನೀವು ನೋಡಿಕೊಳ್ಳಿ, ಹೇಗೆಂದು ನಾನು ಕಲಿಸುತ್ತೇನೆ.’ ಮಗು ಆಡಿದ ತುಂಡು ಮಾತನ್ನು ತಿದ್ದದೆ, ಗದರಿಸದೆ, ತುಸು ಹಿಗ್ಗಿಸಿ ಹಿಂದಿರುಗಿಸುವುದು ಮೊದಲ ಪಾಠ. ಗ್ಯಾಲರಿಯಲ್ಲಿ ಕುಳಿತ ಹುಡುಗ ‘ಬಸ್ಸು ಹೋತು’ ಎಂದರೆ ನಾನು, ‘ಹೌದಪಾ, ಕೆಂಪು ಬಸ್ಸು ಸಾತಾರಕ್ಕ ಹೋತು’ ಎನ್ನಬೇಕು. ‘ಕೆಂಪು ಅನ್ನು, ಸಾತಾರ ಅನ್ನು’ ಎಂದು ಒತ್ತಾಯಿಸಕೂಡದು. ಕಥೆ ಹೇಳುವಾಗ ನಡುವೆ ನಿಲ್ಲಿಸಿ, ‘ಆಮ್ಯಾಲೆ ಏನಾತು?’ ಎಂದು ಕೇಳಿ, ಉತ್ತರಕ್ಕೆ ಕಾಯಬೇಕು. ಕಾಯುವುದೇ ಕಷ್ಟ, ಹಿರಿಯರಾದ ನಮಗೆ ಅದು ಅಭ್ಯಾಸವಿಲ್ಲ.

ಓದಿನ ವಿಷಯ ಇನ್ನೂ ಸ್ವಾರಸ್ಯಕರ. ಇಂಗ್ಲಿಷಿನಲ್ಲಿ ಅಕ್ಷರಗಳು 26, ಆದರೆ ಒಂದು ಅಕ್ಷರಕ್ಕೆ ಒಂದೇ ಧ್ವನಿ ಎಂಬ ನಿಷ್ಠೆ ಇಲ್ಲ. ಕನ್ನಡದಲ್ಲಿ ನಿಷ್ಠೆ ಇದೆ, ಆದರೆ ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕನ್ನಡದ ಮಕ್ಕಳಲ್ಲಿ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಇಂಗ್ಲಿಷಿನ ಅಳತೆಗೋಲು ಹಿಡಿದು, ಎರಡನೆಯ ಇಯತ್ತೆಯ ಮಗುವಿಗೆ ಅಕ್ಷರವೇ ಬಾರದೆಂದು ಷರಾ ಬರೆಯುವವರು ಇದನ್ನು ಅರಿಯಬೇಡವೆ? ಚಿಕಿತ್ಸಕಿ ನಮಗೆ ಚಪ್ಪಾಳೆಯ ಆಟ ಕಲಿಸಿದರು. ಸ್ವಾ-ರ-ಗೇ-ಟ ಎಂದರೆ ಕನ್ನಡದಲ್ಲಿ ನಾಲ್ಕು ಚಪ್ಪಾಳೆ. ಮರಾಠಿಯವರ ಬಾಯಲ್ಲಿ ಸ್ವಾರ್-ಗೇಟ್, ಎರಡೇ. ಈ ಅಂತರವನ್ನು ಕಂಡುಹಿಡಿದವನು ನಾನಲ್ಲ, ಹುಡುಗನೇ! ಎರಡು ಭಾಷೆ ಇದ್ದುದರಿಂದಲೇ ಮಾತಿನೊಳಗಿನ ತುಣುಕುಗಳು ಅವನ ಕಿವಿಗೆ ಬಿದ್ದವು. ಬಸ್ಸಿನ ಫಲಕಗಳನ್ನು ಈಗ ನಿಧಾನವಾಗಿ ಓದುತ್ತಾನೆ. ಇಂಗ್ಲಿಷು ಇನ್ನೂ ಕುಂಟುತ್ತಿದೆ, ಮುಚ್ಚಿಡುವುದೇಕೆ?

ಇನ್ನು ನಮ್ಮ ಸಂಘಗಳ ಮಾತು. 1982ರ ಗೋಕಾಕ್ ಚಳವಳಿಯ ಕಾಲದಲ್ಲಿ ಪ್ರಥಮ ಭಾಷೆಗಾಗಿ ಗಂಟಲು ಹರಿದುಕೊಂಡ ಪೀಳಿಗೆ ನಮ್ಮದು. ಅದೇ ಪೀಳಿಗೆಯ ಅಂಗಳದಲ್ಲಿ, ಮಾತಿಗಾಗಿ ಹೆಣಗುವ ಮಗುವಿನ ಪ್ರಥಮ ಭಾಷೆಯನ್ನು ಒಂದು ಚೀಟಿಯ ಮೇಲೆ ಬರೆದು ರದ್ದುಪಡಿಸಬಹುದಾಗಿದೆ. ರಾಜ್ಯೋತ್ಸವದ ಊಟಕ್ಕೂ ಶಾಲುಗಳಿಗೂ ಹಣವಿದೆ. ಇಂಥ ಮಕ್ಕಳ ತಾಯಂದಿರನ್ನು ಒಂದೆಡೆ ಕೂಡಿಸಲು ಪುರಸತ್ತಿಲ್ಲ. ಮಾತು-ಭಾಷೆಯ ವೈಕಲ್ಯವನ್ನೂ ಕಲಿಕೆಯ ನಿರ್ದಿಷ್ಟ ನ್ಯೂನತೆಯನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ತನ್ನ 21 ಬಗೆಗಳಲ್ಲಿ ಸೇರಿಸಿದೆ ಎಂಬುದು ನಮ್ಮ ಎಷ್ಟು ಪದಾಧಿಕಾರಿಗಳಿಗೆ ಗೊತ್ತು? ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸದಲ್ಲಿದೆ, ಕನ್ನಡ ಬಲ್ಲ ತಜ್ಞರನ್ನು ತಯಾರಿಸಿದೆ. ನಮ್ಮ ಯಾವ ಸಂಘ ಅಲ್ಲಿಗೆ ಒಂದು ಪತ್ರ ಬರೆದಿದೆ?

ಸಂಘದ ಮುಂದಿನ ಸರ್ವಸಾಧಾರಣ ಸಭೆಯಲ್ಲಿ ನಾನೊಂದು ಠರಾವು ಮಂಡಿಸಲಿದ್ದೇನೆ: ವರ್ಷಕ್ಕೆರಡು ಬಾರಿ ಕನ್ನಡ ಬಲ್ಲ ವಾಕ್ ಚಿಕಿತ್ಸಕರನ್ನು ಕರೆಸುವುದು, ಭಾನುವಾರ ಮುಂಜಾನೆ ಸಭಾಗೃಹದ ಒಂದು ಕೋಣೆಯನ್ನು ಈ ಮಕ್ಕಳಿಗೂ ಅವರ ಅಜ್ಜ-ಅಜ್ಜಿಯರಿಗೂ ಬಿಟ್ಟುಕೊಡುವುದು. ಅನುಮೋದಕರು ಬೇಕಾಗಿದ್ದಾರೆ.