ರಾತ್ರಿ ಪಾಳಿಯ ನರ್ಸ್ ಮತ್ತು ನಮ್ಮ ಮನೆಯ ಹಗಲು

ನಮ್ಮ ಮನೆಯ ಹೆಣ್ಣುಮಕ್ಕಳು ಹೆರಿಗೆಗೆಂದು ಆಸ್ಪತ್ರೆ ಸೇರುವಾಗ ನಾವು ಮೊದಲು ವಿಚಾರಿಸುವುದು, ಅಲ್ಲಿ ಮಹಿಳಾ ವೈದ್ಯರಿದ್ದಾರೆಯೇ, ರಾತ್ರಿ ನೋಡಿಕೊಳ್ಳುವ ನರ್ಸ್ ಹೆಣ್ಣೇ ತಾನೇ ಎಂದು. ಈ ಅಪೇಕ್ಷೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅಂತಹ ಒಬ್ಬಳು ನರ್ಸ್‌ನ ಸಂಬಂಧ ನಮ್ಮ ಮಗನಿಗೆ ಬಂದಾಗ, 'ಹುಡುಗಿಗೆ ನೈಟ್ ಡ್ಯೂಟಿ ಇದೆಯಂತೆ' ಎಂಬ ಒಂದೇ ವಾಕ್ಯದಲ್ಲಿ ಮಾತುಕತೆ ಮುಗಿದುಹೋಗುತ್ತದೆ. ನಮ್ಮ ಸೊಸೆ ರಾತ್ರಿ ಮನೆಯಲ್ಲೇ ಇರಬೇಕು. ನಮ್ಮ ರೋಗಿಯ ಬಳಿ ಮಾತ್ರ ಇನ್ಯಾರದೋ ಸೊಸೆ ಬೆಳಗಿನವರೆಗೆ ಎಚ್ಚರವಿರಬೇಕು. ಈ ಎರಡು ಬಯಕೆಗಳು ಒಂದೇ ಮನಸ್ಸಿನಲ್ಲಿ ಹೇಗೆ ಜೊತೆಯಾಗಿ ವಾಸಿಸುತ್ತವೆ ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ.

ಆ ಎಚ್ಚರದಲ್ಲಿ ಏನೇನು ಅಡಗಿದೆ ಎಂಬುದು ರೋಗಿಯ ಸಂಬಂಧಿಕರಿಗೆ ಕಾಣುವುದಿಲ್ಲ. ಅನೇಕ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯೇ ಎಲ್ಲಕ್ಕಿಂತ ದೀರ್ಘವಾದುದು. ಹತ್ತರಿಂದ ಹನ್ನೆರಡು ತಾಸು. ಹಾಸಿಗೆ ಹಿಡಿದ ರೋಗಿಯ ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ರಕ್ತದೊತ್ತಡ, ನಾಡಿ, ಉಸಿರಾಟ, ಜ್ವರ ಎಲ್ಲವನ್ನೂ ಅಳೆದು ಬರೆಯಬೇಕು. ಡ್ರಿಪ್ ಮುಗಿಯುವ ಮೊದಲೇ ಬಾಟಲಿ ಬದಲಾಗಬೇಕು. ಇದರ ನಡುವೆ ಮಾನಿಟರ್ ಕಿರುಚಿದರೆ, ಅದು ಕೇವಲ ಸಡಿಲಾದ ತಂತಿಯೋ ನಿಲ್ಲುತ್ತಿರುವ ಹೃದಯವೋ ಎಂದು ಕ್ಷಣದಲ್ಲಿ ನಿರ್ಧರಿಸಬೇಕು. ನಿದ್ದೆಯಲ್ಲಿರುವ ಡ್ಯೂಟಿ ಡಾಕ್ಟರನ್ನು ಎಬ್ಬಿಸಿದರೆ 'ಇಷ್ಟಕ್ಕೆಲ್ಲ ಏಕೆ ಕರೆದಿರಿ' ಎಂಬ ಗದರಿಕೆ, ಎಬ್ಬಿಸದಿದ್ದರೆ ಬೆಳಗ್ಗೆ ವಿಚಾರಣೆ. ಅವಸರದಲ್ಲಿ ಸೂಜಿ ಬೆರಳಿಗೆ ಚುಚ್ಚಿತೆಂದರೆ ಅದು ಬೇರೆಯೇ ಭಯ. ಎಚ್‌ಐವಿ ತಡೆಯುವ ಔಷಧಿಯನ್ನು ಸಾಧ್ಯವಾದರೆ ಎರಡು ತಾಸಿನೊಳಗೆ, ತಡವಾದರೂ 72 ತಾಸಿನೊಳಗೆ ಆರಂಭಿಸಬೇಕು. ಆ ಭಯವನ್ನು ಎದೆಯಲ್ಲಿಟ್ಟುಕೊಂಡೇ ಆಕೆ ಮುಂದಿನ ಹಾಸಿಗೆಯತ್ತ ನಡೆಯುತ್ತಾಳೆ.

ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿಯ ವಾರ್ಡನ್ನು ಒಮ್ಮೆಯಾದರೂ ಕಂಡವರಿಗೆ ಈ ಲೆಕ್ಕ ಎಷ್ಟರಮಟ್ಟಿಗೆ ಕಾಗದದಲ್ಲೇ ಉಳಿದಿದೆ ಎಂಬುದು ಗೊತ್ತು.

ಇನ್ನು ದೇಹದ ಮಾತು. ಅಲ್ಲಾಹನು ಮನುಷ್ಯನ ಶರೀರದೊಳಗೆ ಒಂದು ಗಡಿಯಾರವನ್ನು ಇಟ್ಟಿದ್ದಾನೆ. ಕತ್ತಲಾದಂತೆ ಅದು ನಿದ್ದೆಯ ಹಾರ್ಮೋನನ್ನು ಸ್ರವಿಸುತ್ತದೆ. ಸುಬ್‌ಹ್‌ಗೆ ಮುಂಚಿನ ಜಾವದಲ್ಲಿ ಶರೀರದ ಉಷ್ಣತೆ ತೀರಾ ಇಳಿದಿರುತ್ತದೆ, ಗಮನ ಮಂಕಾಗುತ್ತದೆ. ಔಷಧಿಯ ಪ್ರಮಾಣವನ್ನು ಲೆಕ್ಕಹಾಕಬೇಕಾದ, ಬೆಳಗಿನ ರಕ್ತಪರೀಕ್ಷೆಗೆ ಮಾದರಿ ತೆಗೆಯಬೇಕಾದ ಹೊತ್ತೂ ಅದುವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ, ದೇಹದ ಈ ಗಡಿಯಾರವನ್ನು ಏರುಪೇರು ಮಾಡುವ ಪಾಳಿ ಕೆಲಸವನ್ನು ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಲ್ಲ ಸಂಗತಿಗಳ ಸಾಲಿಗೆ ಸೇರಿಸಿತು. 2019ರಲ್ಲಿ ಪುನಃ ಪರಿಶೀಲಿಸಿ, ರಾತ್ರಿ ಪಾಳಿಯನ್ನು ಅದೇ ಸಾಲಿನಲ್ಲಿ ಉಳಿಸಿತು. ರಾತ್ರಿ ದುಡಿಯುವವರಿಗೆಲ್ಲ ರೋಗ ಬಂದೇ ಬರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಆಕೆಯ ಆಯಾಸವನ್ನು 'ಸೋಮಾರಿತನ' ಎಂದು ಕರೆಯುವ ನಾಲಗೆಗಳು ಇದನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ಅಭಿಪ್ರಾಯದಲ್ಲಿ, ಆಸ್ಪತ್ರೆಯ ಒತ್ತಡಕ್ಕಿಂತಲೂ ಆಕೆಯನ್ನು ಹೆಚ್ಚು ಕುಗ್ಗಿಸುವುದು ಬೆಳಗ್ಗೆ ಒಂಬತ್ತು ಗಂಟೆಗೆ ಆಕೆ ಪ್ರವೇಶಿಸುವ ಮನೆ. ಬುರ್ಖಾ ಕಳಚುವ ಮೊದಲೇ ಅಡುಗೆಮನೆಯಿಂದ ಕರೆ. ಮಕ್ಕಳ ಬಟ್ಟೆ ನೆನೆದಿದೆ. ಮಧ್ಯಾಹ್ನದ ಮೀನು ಕತ್ತರಿಸಬೇಕಾಗಿದೆ. ಎಲ್ಲ ಮುಗಿಸಿ ಕಣ್ಣು ಮುಚ್ಚಿದರೆ ಗ್ಯಾಸ್ ಸಿಲಿಂಡರಿನವನು ಗಂಟೆ ಒತ್ತುತ್ತಾನೆ, ನೆರೆಮನೆಯವರು ಮಾತಿಗೆ ಬರುತ್ತಾರೆ, 'ಹಗಲಲ್ಲಿ ಮಲಗಿದ್ದಾಳೆ' ಎಂಬ ಪಿಸುಮಾತು ಬಾಗಿಲಾಚೆಯಿಂದ ಕೇಳಿಸುತ್ತದೆ. ಗಂಡ ರಾತ್ರಿ ಪಾಳಿ ಮುಗಿಸಿ ಬಂದರೆ ಇಡೀ ಮನೆ ಉಸಿರು ಬಿಗಿಹಿಡಿಯುತ್ತದೆ, ಮಕ್ಕಳನ್ನು ಅಂಗಳಕ್ಕೆ ಕಳುಹಿಸಲಾಗುತ್ತದೆ. ಹೆಂಡತಿಗೆ ಆ ಮರ್ಯಾದೆ ಇಲ್ಲ. ಹೀಗೆ ಮೂರು ತಾಸಿನ ಹರಕು ನಿದ್ದೆಯೊಂದಿಗೆ ಆಕೆ ಮರಳಿ ಹೊರಡುತ್ತಾಳೆ. ಅಂದು ರಾತ್ರಿ ಆಕೆಯ ಕೈಯಲ್ಲಿರುವ ಇನ್ಸುಲಿನ್ ಸಿರಿಂಜು ನಮ್ಮವರೇ ಯಾರೋ ಒಬ್ಬರ ತೋಳಿಗೆ ಚುಚ್ಚಲಿಕ್ಕಿದೆ.

ಹಗಲು ಮಲಗುವುದು ಅಶುಭವೆಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು. ಪವಿತ್ರ ಕುರ್‌ಆನ್‌ನಿಂದಂತೂ ಅಲ್ಲ. ಸೂರಃ ಅರ‍್ರೂಮ್‌ನ 23ನೇ ವಚನವು ಅಲ್ಲಾಹನ ದೃಷ್ಟಾಂತಗಳನ್ನು ಎಣಿಸುವಾಗ ರಾತ್ರಿಯ ನಿದ್ದೆಯ ಜೊತೆಗೆ ಹಗಲಿನ ನಿದ್ದೆಯನ್ನೂ ಹೆಸರಿಸುತ್ತದೆ. ಸೂರಃ ಅನ್ನೂರ್‌ನ 58ನೇ ವಚನ ಇನ್ನೂ ಮುಂದೆ ಹೋಗುತ್ತದೆ. ಸುಬ್‌ಹ್‌ಗೆ ಮುಂಚೆ, ಮಧ್ಯಾಹ್ನ ಉಡುಪು ಕಳಚಿ ವಿಶ್ರಮಿಸುವ ಹೊತ್ತು, ಇಶಾದ ನಂತರ - ಈ ಮೂರು ವೇಳೆಗಳಲ್ಲಿ ಮನೆಯ ಎಳೆಯ ಮಕ್ಕಳು ಕೂಡ ಅನುಮತಿ ಪಡೆದೇ ಒಳಬರಬೇಕೆಂದು ಅದು ಶಿಸ್ತು ಕಲಿಸುತ್ತದೆ. ವಿಶ್ರಮಿಸುವವರ ಬಾಗಿಲಿಗೆ ಇಷ್ಟು ಗೌರವ ಕೊಟ್ಟ ಧರ್ಮದ ಅನುಯಾಯಿಗಳ ಮನೆಯಲ್ಲಿ, ರಾತ್ರಿಯಿಡೀ ನಿಂತು ದುಡಿದವಳ ಕೋಣೆಯ ಬಾಗಿಲು ಹಗಲಿಡೀ ತೆರೆದೇ ಇರಬೇಕೆಂದು ಬಯಸುವುದು ಯಾವ ನ್ಯಾಯ? ಸದಾ ಉಪವಾಸ ಹಿಡಿದು ರಾತ್ರಿಯಿಡೀ ಆರಾಧನೆಯಲ್ಲಿ ನಿಲ್ಲುತ್ತಿದ್ದ ಅಬ್ದುಲ್ಲಾ ಇಬ್ನು ಅಮ್ರ್(ರ)ರಿಗೆ, ಶರೀರಕ್ಕೂ ಕಣ್ಣುಗಳಿಗೂ ಅವರ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ)ರು ನೆನಪಿಸಿದ್ದನ್ನು ನಾವು ಎಷ್ಟು ಸಲ ಕೇಳಿಲ್ಲ! ಆ ಮಾತು ನಮ್ಮ ಸೊಸೆಯ ಕಣ್ಣುಗಳಿಗೂ ಸಲ್ಲುತ್ತದೆ.

ರೋಗಿಗಳ ಸಂದರ್ಶನದ ಬಗ್ಗೆಯೂ ಒಂದು ಮಾತು ಹೇಳದಿರಲಾಗದು. ರೋಗಿಯನ್ನು ಭೇಟಿ ಮಾಡುವುದು ಸುನ್ನತ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಶಾ ನಮಾಝ್ ಮುಗಿಸಿ ಎರಡು ಕಾರು ತುಂಬ ಜನ ವಾರ್ಡಿಗೆ ನುಗ್ಗಿ, ಹಾಸಿಗೆಯ ಸುತ್ತ ನಿಂತು ಊರಿನ ಸುದ್ದಿ ಮಾತಾಡುವುದು ಸುನ್ನತ್ ಅಲ್ಲ. 'ಸಮಯವಾಯಿತು, ಹೊರಡಿ' ಎಂದು ಹೇಳಬೇಕಾದ ಅಪ್ರಿಯ ಕೆಲಸ ಅದೇ ನರ್ಸ್‌ನದು. ಆಗ ಆಕೆ ಕೇಳುವ ಬಿರುಸು ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆಯೇ ಇದೆ. ನರ್ಸ್‌ಗಳೂ ಅದರ ರಕ್ಷಣೆಗೆ ಒಳಪಡುತ್ತಾರೆ. ಸುಶಿಕ್ಷಿತ ಸಮುದಾಯಕ್ಕೆ ಆ ಕಾಯ್ದೆಯ ನೆನಪು ಮಾಡಿಕೊಡುವ ಪರಿಸ್ಥಿತಿ ಬರಬಾರದು.

ಸುರಕ್ಷತೆಯ ಪ್ರಶ್ನೆ ನಿಜವಾದುದು. ಹೆತ್ತವರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹೊನ್ನಾವರದ ಬಳಿಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನ್‌ಭಾಗ್ ಅವರ ಮೇಲೆ 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಬರ್ಬರ ದಾಳಿ ನಡೆಸಿದ. ಮುಂಬಯಿಯ ನರ್ಸ್‌ಗಳು ಮುಷ್ಕರ ಹೂಡಿದರು. ಪ್ರಜ್ಞೆಯಿಲ್ಲದಂತೆ ಮಲಗಿದ್ದ ಅರುಣಾರನ್ನು 2015ರ ಮೇ ತಿಂಗಳಲ್ಲಿ ಅವರು ನಿಧನರಾಗುವವರೆಗೆ, ನಾಲ್ಕು ದಶಕಗಳ ಕಾಲ, ಅಲ್ಲಿನ ನರ್ಸ್‌ಗಳೇ ತಲೆಮಾರಿನಿಂದ ತಲೆಮಾರಿಗೆ ಆರೈಕೆ ಮಾಡಿದರು. 2024ರ ಆಗಸ್ಟ್‌ನಲ್ಲಿ ಕೊಲ್ಕತ್ತಾದಲ್ಲಿ, ದೀರ್ಘ ಪಾಳಿಯ ನಡುವೆ ವಿಶ್ರಮಿಸುತ್ತಿದ್ದ ಯುವ ವೈದ್ಯೆಯ ಹತ್ಯೆಯಾಯಿತು. ಇಂತಹ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಕೆಲವರು 'ಅದಕ್ಕೇ ಹೆಣ್ಣುಮಕ್ಕಳನ್ನು ಕಳುಹಿಸಬಾರದು' ಎಂಬ ತೀರ್ಮಾನಕ್ಕೆ ಬರುತ್ತಾರೆ. ಹಾಗಾದರೆ ನಮ್ಮ ಹೆರಿಗೆ ಕೋಣೆಯಲ್ಲಿ ಯಾರು ಇರಬೇಕು? ಒಳಗಿನಿಂದ ಚಿಲಕ ಹಾಕಬಹುದಾದ ವಿಶ್ರಾಂತಿ ಕೊಠಡಿ, ಬೆಳಕಿರುವ ದಾರಿ, ಮನೆಯವರೆಗೆ ವಾಹನ - ಇವುಗಳನ್ನು ನಮ್ಮ ಸಮುದಾಯದ ಟ್ರಸ್ಟ್‌ಗಳು ನಡೆಸುವ ಆಸ್ಪತ್ರೆಗಳಲ್ಲಿಯಾದರೂ ಕೇಳಿ ಪಡೆಯುವುದು ಹೆತ್ತವರಿಗೂ ಜಮಾಅತ್ ಸಮಿತಿಗಳಿಗೂ ಕಷ್ಟವಲ್ಲ.

ಪ್ರವಾದಿ(ಸ)ರ ಮದೀನಾದಲ್ಲಿ ಈ ಕೆಲಸಕ್ಕೆ ಯಾವ ಸ್ಥಾನವಿತ್ತು? ಖಂದಕ್ ಯುದ್ಧದಲ್ಲಿ ಸಅದ್ ಇಬ್ನು ಮುಆದ್(ರ)ರು ಗಾಯಗೊಂಡಾಗ ಅವರನ್ನು ರುಫೈದಾ ಅಲ್ ಅಸ್ಲಮಿಯ್ಯಾ(ರ)ರ ಡೇರೆಗೆ ಸಾಗಿಸಲಾಯಿತು ಎಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಗಾಯಾಳುಗಳಿಗೆ ಶುಶ್ರೂಷೆ ಮಾಡುತ್ತಿದ್ದ ಆ ಮಹಿಳೆಯ ಡೇರೆ ಇದ್ದುದು ಊರ ಹೊರಗಲ್ಲ, ಪ್ರವಾದಿ(ಸ)ರ ಮಸೀದಿಯ ಆವರಣದಲ್ಲಿ.

ರಮಝಾನ್ ಬಂದಾಗ ರಾತ್ರಿ ಪಾಳಿಯ ನರ್ಸ್‌ನ ದಿನಚರಿ ಇನ್ನಷ್ಟು ಇಕ್ಕಟ್ಟಾಗುತ್ತದೆ. ಇಫ್ತಾರ್‌ನ ಖರ್ಜೂರ ಬಾಯಲ್ಲಿರುವಾಗಲೇ ಬಸ್ಸು ಹಿಡಿಯಬೇಕು. ತರಾವೀಹ್‌ನ ಹೊತ್ತು ವಾರ್ಡಿನಲ್ಲಿ ಕಳೆಯುತ್ತದೆ. ಸಹ್ರಿಯೆಂದರೆ, ಎರಡು ರೋಗಿಗಳ ನಡುವೆ ದೊರೆತ ಐದು ನಿಮಿಷದಲ್ಲಿ ನಿಂತೇ ಕುಡಿದ ನೀರು ಮತ್ತು ಡಬ್ಬಿಯಲ್ಲಿದ್ದ ತಣ್ಣಗಿನ ಚಪಾತಿ. ಮನೆಗೆ ಬಂದರೆ ಅಸರ್ ಆಗುತ್ತಿದ್ದಂತೆ ಸಮೋಸಾ ಕರಿಯುವ ಕೆಲಸ ಕಾದಿರುತ್ತದೆ. ಈ ಬಾರಿಯ ರಮಝಾನ್‌ನಲ್ಲಿ ಅಂತಹ ಹೆಣ್ಣುಮಕ್ಕಳಿರುವ ಮನೆಯ ಗಂಡಸರು ಇಫ್ತಾರ್‌ನ ಅಡುಗೆಯನ್ನು ತಾವೇ ವಹಿಸಿಕೊಳ್ಳಲಿ. ಸಮೋಸಾ ಇಲ್ಲದೆಯೂ ಉಪವಾಸ ಬಿಡಬಹುದು. ಬೆಳಗ್ಗೆ ಹತ್ತರಿಂದ ಅಸರ್‌ನವರೆಗೆ ಆಕೆಯ ಕೋಣೆಯ ಬಾಗಿಲು ಮುಚ್ಚಿರಲಿ, ಆಕೆಯ ಮೊಬೈಲ್ ಅತ್ತೆಯ ಬಳಿ ಇರಲಿ. ಝುಹರ್‌ಗೆ ಎಬ್ಬಿಸುವ ಹೊಣೆ ಯಾರದೆಂದು ಮಾತ್ರ ಮೊದಲೇ ನಿಗದಿಯಾಗಿರಲಿ. ನಮಾಝ್ ಮುಗಿಸಿ ಆಕೆ ಮತ್ತೆ ಮಲಗಿದರೆ ಯಾರೂ ಏನೂ ಕೇಳದಿರಲಿ.